ಟೀವಿಯಲ್ಲಿ ತೋರಿಸಿದ ತಾಯಿ

ಆ ಬೀದಿಯ ಹೆಂಗಸರು ಬರೀ ಕೂದಲು ಕತ್ತರಿಸಿಕೊಳ್ಳಲು ಅಕ್ಕನ ಅಂಗಡಿಗೆ ಬರುತ್ತಿದ್ದರು ಎಂದರೆ ಅರ್ಧ ಮಾತ್ರ ನಿಜ. ಇನ್ನರ್ಧ ಅಕ್ಕನ ಮಾತು ಕೇಳುವುದಕ್ಕೆ. ಸಾಲಾಗಿ ಮೂರು ಕನ್ನಡಿ, ಮೂರು ಕುರ್ಚಿ, ಕನ್ನಡಿಗಳ ನೆತ್ತಿಯ ಮೇಲೆ ಒಂದು ಟೀವಿ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಹಾಕಿದ ಟೀವಿ ಸಂಜೆ ಶಟರ್ ಎಳೆಯುವ ತನಕ ನಡೆಯುತ್ತಲೇ ಇರುತ್ತಿತ್ತು. ಅದರ ಸದ್ದು ಮಾತ್ರ ಯಾವಾಗಲೂ ಸಣ್ಣದು. ಅದು ಹೇಳಬೇಕಾದದ್ದನ್ನೆಲ್ಲ ಅಕ್ಕನೇ ಹೇಳುತ್ತಿದ್ದಳಲ್ಲ!

ಅಕ್ಕನಿಗೆ ಐವತ್ತರ ಆಚೀಚೆ ವಯಸ್ಸು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗಂಡನ ತಂಗಿ ಮದುವೆಯಾಗದೆ ಉಳಿದವಳು. ಅತ್ತಿಗೆಯ ಜೊತೆಗೇ ಇದ್ದು ಅಂಗಡಿಯ ಕೆಲಸಕ್ಕೂ ಕೈಜೋಡಿಸುತ್ತಿದ್ದಳು. ವಯಸ್ಸಿನಲ್ಲಿ ದೊಡ್ಡವರೂ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಲೆಯನ್ನು ಒಬ್ಬರ ಕೈಗೆ ಕೊಟ್ಟು ಕೂತ ಮೇಲೆ ಅವರನ್ನು ಅಕ್ಕ ಅನ್ನದೆ ವಿಧಿಯಿಲ್ಲ ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬಳು ತಮಾಷೆ ಮಾಡುತ್ತಿದ್ದಳು.

ಅಕ್ಕನಿಗೆ ಪತ್ರಿಕೆ ಓದುವ ಅಭ್ಯಾಸವಿರಲಿಲ್ಲ. ದೇಶದ ರಾಜಕೀಯವನ್ನೆಲ್ಲ ಅವಳು ತಲೆಗೂದಲಿನಲ್ಲೇ ಓದಿ ಮುಗಿಸುತ್ತಿದ್ದಳು. "ಈ ಮಂತ್ರಿ ಕೂದಲ ಬುಡಕ್ಕೆ ಬಣ್ಣ ಹಚ್ಚಿಸದೆ ತಿಂಗಳಾಯ್ತು ನೋಡಿ. ಚುನಾವಣೆ ಇನ್ನೂ ದೂರ ಇದೆ ಅಂತ ಅರ್ಥ." "ಇವನು ಪಕ್ಷ ಬದಲಾಯಿಸಿದ್ರೂ ಬೈತಲೆ ಬದಲಾಯಿಸಲಿಲ್ಲ. ಅಷ್ಟಾದ್ರೂ ನಿಯತ್ತಿದೆ ಪಾಪ." ಧಾರಾವಾಹಿ ಬಂದರೆ ಅದಕ್ಕೂ ಬಿಡುವಿಲ್ಲ: "ಆಸ್ಪತ್ರೇಲಿ ಪ್ರಜ್ಞೆ ತಪ್ಪಿ ಮಲಗಿದಾಳಂತೆ. ತುಟಿ ಬಣ್ಣ ಮಾತ್ರ ಎಚ್ಚರವಾಗಿದೆ!" ಹೆಂಗಸರು ನಕ್ಕು ತಲೆ ಕುಣಿಸಿ, "ಅಲ್ಲಾಡ್ಬೇಡಿ, ಕಿವಿ ಹೋದೀತು" ಎಂದು ಬೈಸಿಕೊಳ್ಳುತ್ತಿದ್ದರು.

ತಿಂಗಳಿಗೊಮ್ಮೆ, ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬ ಗಣಿತದ ಟೀಚರು ಬರುತ್ತಿದ್ದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಉಳಿದವರು ಗೊಳ್ಳೆಂದಾಗ ಇವರು ಕಣ್ಣಲ್ಲಷ್ಟೇ ನಗುತ್ತಿದ್ದರು. ಗಂಡನಿಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಕಾಲೇಜಿನ ಹಾಸ್ಟೆಲಿನಲ್ಲಿದ್ದು ಓದುವ ಮಗ. ಇಷ್ಟು ಅಕ್ಕನಿಗೆ ಗೊತ್ತಿತ್ತು. ಮಗನನ್ನು ನೋಡಿರಲಿಲ್ಲ.

ಆ ಶನಿವಾರ ಟೀಚರ ತಲೆಯ ಅರ್ಧಕ್ಕೆ ಬಣ್ಣ ಹಚ್ಚಿ ಆಗಿತ್ತು. ಪಕ್ಕದ ಕುರ್ಚಿಯಲ್ಲಿ ಬ್ಯಾಂಕಿನವಳು ಕೂತಿದ್ದಳು. ಟೀವಿಯಲ್ಲಿ ಗಲಾಟೆಯ ಚಿತ್ರ ಬರತೊಡಗಿತು. ವಿದ್ಯಾರ್ಥಿಗಳ ಹಾಸ್ಟೆಲನ್ನು ಮುಚ್ಚಿ ಜಾಗ ಮಾರುತ್ತಾರೆಂದು ಹುಡುಗರು ಸರ್ಕಾರಿ ಕಚೇರಿಯ ಮುಂದೆ ಕೂತಿದ್ದರಂತೆ. ಪೊಲೀಸರು ಎಬ್ಬಿಸಲು ಹೋದಾಗ ತಳ್ಳಾಟವಾಗಿ, ಕಲ್ಲು ಹಾರಿ, ಕಚೇರಿಯ ಕಿಟಕಿ ಗಾಜು ಪುಡಿಯಾಗಿತ್ತು. ಅದೇ ತುಣುಕನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಗುಂಪಿನ ನಡುವೆ ಕೈ ಬೀಸಿದ ಒಬ್ಬ ಹುಡುಗನ ಮುಖದ ಸುತ್ತ ಕೆಂಪು ಬಳೆಯಂಥ ಗುರುತು ಹಾಕಿದ್ದರು.

"ಓದೋಕೆ ಅಂತ ಕಳಿಸಿದ್ರೆ ಇದು ಇವರ ಓದು" ಎಂದಳು ಬ್ಯಾಂಕಿನವಳು. "ಇಂಥವರನ್ನ ಹೆತ್ತವರು ಏನು ಮಾಡ್ತಿರ್ತಾರೋ!"

ಅಕ್ಕ ಕುಂಚವನ್ನು ಬಟ್ಟಲಿಗೆ ಅದ್ದುತ್ತಲೇ ತಲೆಯೆತ್ತಿ ನೋಡಿದಳು. "ಆ ಕೂದಲು ನೋಡಿ, ಗುಬ್ಬಿ ಗೂಡಿನ ಹಾಗೆ. ಎಣ್ಣೆ ಕಂಡು ಎಷ್ಟು ಕಾಲ ಆಯ್ತೋ. ತಾಯಿ ಇಲ್ಲದ ಮಗು ಇರಬೇಕು."

ಬ್ಯಾಂಕಿನವಳು ನಕ್ಕಳು. ನಾದಿನಿಯೂ ನಕ್ಕಳು. ಅಕ್ಕನಿಗೆ ಮಾತ್ರ ಕೈಕೆಳಗಿನ ತಲೆ ಕಲ್ಲಾದದ್ದು ಗೊತ್ತಾಯಿತು. ಇಷ್ಟು ವರ್ಷ ಜನರ ತಲೆ ಹಿಡಿದವಳಿಗೆ ಕುತ್ತಿಗೆಯ ನರ ಬಿಗಿದರೆ ತಿಳಿಯುವುದಿಲ್ಲವೇ? ಕನ್ನಡಿಯಲ್ಲಿ ನೋಡಿದಳು. ಟೀಚರ ಮುಖದಲ್ಲಿ ರಕ್ತವಿರಲಿಲ್ಲ. ಕಣ್ಣು ಕನ್ನಡಿಯ ಮೇಲಕ್ಕೆ ನೆಟ್ಟಿತ್ತು.

"ಅಕ್ಕಾ" ಎಂದರು ಟೀಚರು. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕೇಳುವ ದನಿ, ಈಗ ಕುರ್ಚಿ ದಾಟಲಿಲ್ಲ. "ಸದ್ದು ಸ್ವಲ್ಪ ಜಾಸ್ತಿ ಮಾಡ್ತೀರಾ? ಯಾವ ಠಾಣೆಗೆ ಕರ್ಕೊಂಡು ಹೋದ್ರು ಅಂತ ಕೇಳ್ಬೇಕು. ಅವನು ನನ್ನ ಮಗ."

ನಾದಿನಿ ರಿಮೋಟಿಗೆ ತಡಕಾಡಿದಳು. ಬ್ಯಾಂಕಿನವಳು ಮಡಿಲಲ್ಲಿದ್ದ ಚೀಲವನ್ನು ತೆರೆದು, ಏನೂ ತೆಗೆಯದೆ ಮುಚ್ಚಿದಳು. ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಅಕ್ಕ ಕುಂಚದ ಬಣ್ಣದ ಸಮೇತ ನುಂಗಿಬಿಡುತ್ತಿದ್ದಳು.

"ಏಳಿ, ತಲೆ ತೊಳೀತೀನಿ" ಎಂದಳು ಕೊನೆಗೆ. "ನಾನೂ ಬರ್ತೀನಿ."

ತೊಟ್ಟಿಗೆ ತಲೆ ಒರಗಿಸಿ ಟೀಚರು ಕಣ್ಣು ಮುಚ್ಚಿದರು. ಕಪ್ಪು ನೀರು ಹರಿದು ತಿಳಿಯಾಗುವ ತನಕ ಅಕ್ಕ ಬೆರಳಾಡಿಸಿದಳು. ಕಿವಿಯ ಕಡೆಗೆ ಇಳಿಯುತ್ತಿದ್ದದ್ದು ನಲ್ಲಿಯ ನೀರೋ ಇನ್ನೊಂದೋ ಎಂದು ಅವಳು ನೋಡಲು ಹೋಗಲಿಲ್ಲ. ಅರ್ಧ ಬಣ್ಣದ ತಲೆಗೆ ಅಂಗಡಿಯ ಟವೆಲ್ಲನ್ನೇ ಸುತ್ತಿ, ಕೈ ಹಿಡಿದು, ಇಬ್ಬರೂ ಹೊರಟರು.

ಠಾಣೆಯ ಮೆಟ್ಟಿಲ ಬಳಿ ಕ್ಯಾಮೆರಾಗಳು ಕಾದಿದ್ದವು. "ಹುಡುಗನ ಮನೆಯವರಾ? ತಾಯಿನಾ?" ಎನ್ನುತ್ತ ನಾಲ್ಕಾರು ಮೈಕುಗಳು ಒಟ್ಟಿಗೇ ಮುಖಕ್ಕೆ ಬಂದವು. ಟೀಚರು ಟವೆಲ್ಲಿನ ಅಂಚು ಹಣೆಯ ಮೇಲೆ ಎಳೆದುಕೊಂಡು ಅಕ್ಕನ ಬೆನ್ನಿಗೆ ಸರಿದರು. ಅವರ ಶಾಲೆ ಖಾಸಗಿಯವರದ್ದು. ರಾಜಕೀಯದ ಗಾಳಿ ಸೋಕಿದ ಮೇಷ್ಟ್ರಿಗೆ ಅಲ್ಲಿ ಜಾಗವಿಲ್ಲ, ಬರುವ ತಿಂಗಳು ಕೆಲಸ ಮುಂದುವರಿಸುವುದೋ ಬೇಡವೋ ಎಂದು ಆಡಳಿತದವರು ತೀರ್ಮಾನ ಮಾಡುವವರಿದ್ದರು ಎಂದು ದಾರಿಯಲ್ಲಿ ಹೇಳಿದ್ದರು. ಅಕ್ಕ ಮುಂದೆ ಬಂದು ಎರಡೂ ಕೈ ಚಾಚಿದಳು.

"ಹುಡುಗ ಒಳಗಿದಾನೆ. ಮೊದಲು ಅವನನ್ನ ನೋಡ್ಬೇಕು. ದಾರಿ ಬಿಡ್ರೀ!"

ಆಡಿದ್ದು ಅಷ್ಟೇ. ಹುಡುಗನನ್ನು ನೋಡಲು ಪೊಲೀಸರು ಬಿಡಲಿಲ್ಲ. ಸಂಜೆ ನಾದಿನಿ ಮನೆಯ ಟೀವಿ ಹಾಕಿದವಳು, "ಅತ್ತಿಗೇ, ಬನ್ನಿ ಇಲ್ಲಿ" ಎಂದು ಚೀರಿದಳು. ತೆರೆಯ ತುಂಬ ಅಕ್ಕ. ಕೈ ಚಾಚಿದ ಅಕ್ಕ, ಬಾಯಿ ತೆರೆದ ಅಕ್ಕ. ಅವಳ ಮುಖದ ಸುತ್ತಲೂ ಈಗ ಅದೇ ಕೆಂಪು ಬಳೆ. ಕೆಳಗೆ ದಪ್ಪ ಅಕ್ಷರದಲ್ಲಿ: ಕಲ್ಲೆಸೆದವನ ತಾಯಿಯ ರೋಷ. ನಾಲ್ಕು ಮಂದಿ ಕೂತು ಚರ್ಚೆ ಮಾಡುತ್ತಿದ್ದರು. "ಒಂದು ಹನಿ ಕಣ್ಣೀರಿದೆಯಾ ನೋಡಿ ಆ ಮುಖದಲ್ಲಿ" ಎಂದ ಒಬ್ಬ. "ಮಗ ಲಾಕಪ್ಪಿನಲ್ಲಿ, ಅಮ್ಮನಿಗೆ ಲಿಪ್‌ಸ್ಟಿಕ್ಕು" ಎಂದಳು ಇನ್ನೊಬ್ಬಳು. ಆಕೆಯ ಕೂದಲು ಅಚ್ಚುಕಟ್ಟಾಗಿ ಕೂತಿತ್ತು, ಒಳ್ಳೆಯ ಕೈಯ ಕೆಲಸ. ಅಕ್ಕನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಆಮೇಲೆ ಮಾತು ಕಿವಿಗೆ ಇಳಿಯಿತು. ತಾನೂ ದಿನವಿಡೀ ಮಾಡುತ್ತಿದ್ದದ್ದು ಇದೇ ಕಸುಬಲ್ಲವೇ ಎಂದುಕೊಂಡಳು.

"ಫೋನ್ ಮಾಡಿ ಹೇಳೋಣ, ನೀವಲ್ಲ ಅಂತ" ಎಂದಳು ನಾದಿನಿ.

ಅಷ್ಟರಲ್ಲಿ ಟೀಚರ ಫೋನೇ ಬಂತು. "ಅಕ್ಕಾ, ನೋಡ್ದೆ. ನಿಮಗೆ ಯಾಕೆ ಈ ಕರ್ಮ? ನಾನು ಹೇಳಿಬಿಡ್ತೀನಿ."

"ನೀವು ಬಾಯಿ ಬಿಡ್ಬೇಡಿ" ಎಂದಳು ಅಕ್ಕ. "ನಿಮ್ಮ ಕೆಲಸ ಹೋದ್ರೆ ಅತ್ತೆ ಔಷಧಿಗೆ ಏನು ಮಾಡ್ತೀರಿ? ವಕೀಲರಿಗೆ? ನನಗೇನು, ನಾನೇ ಯಜಮಾನಿ. ನನ್ನನ್ನ ಯಾರು ಕೆಲಸದಿಂದ ತೆಗೀತಾರೆ? ನಾಲ್ಕು ದಿನ ಅಂದು ಮರೀತಾರೆ ಬಿಡಿ."

"ಅವನನ್ನ ನೋಡೋಕೆ ಹೋಗ್ಬೇಕಲ್ಲ."

"ನೀವು ಹೋದ್ರೆ ಕ್ಯಾಮೆರಾ ಹಿಂದೇನೇ ಬರುತ್ತೆ. ಗಲಾಟೆ ತಣ್ಣಗಾಗೋ ತನಕ ನಾನು ಹೋಗ್ತೀನಿ. ಬಟ್ಟೆ ಕೊಡಿ, ಏನು ಹೇಳ್ಬೇಕೋ ಹೇಳಿ, ತಲುಪಿಸ್ತೀನಿ."

ಕೊನೆಗೆ ಟೀಚರು, "ಹೂಂ" ಎಂದರು. ಆ ಒಂದು ಮಾತಿಗೆ ಅವರಿಗೆ ಎಷ್ಟು ಕಷ್ಟವಾಯಿತೆಂದು ಅಕ್ಕ ಆಗ ಯೋಚಿಸಲಿಲ್ಲ.

ಹುಡುಗನಿಗೆ ಜಾಮೀನು ಸಿಗಲಿಲ್ಲ. ಊರಾಚೆಯ ಜೈಲಿಗೆ ಸೇರಿಸಿದರು. ವಾರಕ್ಕೊಮ್ಮೆ, ಶುಕ್ರವಾರ ಮಾತ್ರ ಭೇಟಿಗೆ ಅವಕಾಶವಿತ್ತು. ಬಾಗಿಲ ಕಿಟಕಿಯಲ್ಲಿ ಅಕ್ಕ "ದೊಡ್ಡಮ್ಮ" ಎಂದು ಹೇಳಿಕೊಂಡಳು. ಕಾವಲಿನವನು ಅವಳ ಮುಖ ದಿಟ್ಟಿಸಿ, "ಟೀವಿಯಲ್ಲಿ ನೋಡಿದೀನಲ್ಲಮ್ಮ. ಸಂಕೋಚ ಯಾಕೆ? ಜೈಲಿಗೆ ಬಂದ ಮಕ್ಕಳಿಗೆಲ್ಲ ದೊಡ್ಡಮ್ಮಂದಿರೇ ಜಾಸ್ತಿ" ಎಂದ. ಒಳಗೆ ತಿರುಗಿ ಕೂಗಿದ: "ಹಾಸ್ಟೆಲ್ ಹುಡುಗನ ತಾಯಿ ಬಂದಿದಾರೆ, ಕರ್ಕೊಂಡು ಬಾ."

ಅಕ್ಕ ತಿದ್ದಬಹುದಿತ್ತು. ತಿದ್ದಲಿಲ್ಲ. ತಾಯಿ ಎಂಬ ಆ ಮಾತು ಕಬ್ಬಿಣದ ಬಾಗಿಲುಗಳ ನಡುವೆ ದೂರದ ತನಕ ಹೋಯಿತು. ಅವಳು ಅದನ್ನು ಕೇಳುತ್ತ ನಿಂತಳು.

ಜಾಲರಿಯ ಆಚೆ ಬಂದು ಕೂತ ಹುಡುಗ ಗಾಬರಿಯಿಂದ ನೋಡಿದ. ತುಟಿ ಒಡೆದಿತ್ತು. "ನೀವ್ಯಾರು?"

"ನಿಮ್ಮಮ್ಮನ ತಲೆ ನೋಡ್ಕೊಳ್ಳೋಳು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕ, ತಾಯಿಯ ಹಾಗೆ ಕಣ್ಣಲ್ಲಷ್ಟೇ. ಅಕ್ಕ ತಾಯಿಯ ಪರಿಸ್ಥಿತಿ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. "ಅಮ್ಮ ಬರೋದು ಬೇಡ ಅಂತ ಹೇಳಿ" ಎಂದ.

ಎರಡನೇ ಭೇಟಿಯಲ್ಲಿ ಅಕ್ಕ ಕೇಳಿಯೇಬಿಟ್ಟಳು. "ನಿಜ ಹೇಳು. ಎಸೆದೆಯೋ ಇಲ್ಲವೋ?"

"ಎಸೆದೆ."

ಇಲ್ಲ ಎನ್ನುತ್ತಾನೆಂದು ಅವಳು ಕಾದಿದ್ದಳು. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಲು ಆ ಉತ್ತರವನ್ನು ಮನಸ್ಸಿನಲ್ಲಿ ಸಿದ್ಧವಾಗಿಯೂ ಇಟ್ಟುಕೊಂಡಿದ್ದಳು.

"ನನ್ನ ಗೆಳೆಯನನ್ನ ನೆಲಕ್ಕೆ ಹಾಕಿ ಹೊಡೀತಿದ್ರು. ಕೈಗೆ ಸಿಕ್ಕಿದ್ದು ಎತ್ತಿ ಎಸೆದೆ. ಗಾಜಿಗೆ ಬಿತ್ತು. ಒಳಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ."

ಒಳಗೆ ಒಬ್ಬ ಗುಮಾಸ್ತ ಇದ್ದ. ಗಾಜು ಚುಚ್ಚಿ ಅವನ ಅಂಗೈ ಸೀಳಿತ್ತು. ಅದನ್ನೂ ಟೀವಿಯಲ್ಲಿ ತೋರಿಸಿದ್ದರು, ಒಂದೇ ಒಂದು ಸಲ.

ಹೆತ್ತ ತಾಯಿಯಾಗಿದ್ದರೆ ಈಗ ಏನು ಹೇಳುತ್ತಿದ್ದಳು? ಬೈಯಬೇಕೋ, ಸಮಾಧಾನ ಮಾಡಬೇಕೋ? "ಆ ಮನುಷ್ಯನಿಗೂ ಕೈಯಿಂದಾನೇ ಕೆಲಸ, ನನ್ನ ಹಾಗೆ" ಎಂದಳು ಅಕ್ಕ. ಹುಡುಗ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಜಾಲರಿಯಿಲ್ಲದಿದ್ದರೆ ಅವಳು ಆ ತಲೆಯನ್ನು ಮುಟ್ಟುತ್ತಿದ್ದಳು.

ಟೀಚರಿಗೆ ಈ ವಿಷಯ ಹೇಳಲಿಲ್ಲ. "ಚೆನ್ನಾಗಿದಾನೆ, ಊಟ ಮಾಡ್ತಿದಾನೆ" ಎಂದಷ್ಟೇ ಹೇಳಿದಳು. ಇದು ತನ್ನ ಮತ್ತು ಹುಡುಗನ ನಡುವೆಯೇ ಇರಲಿ ಎಂದು ಅವಳಿಗೆ ಅನ್ನಿಸಿತ್ತು; ಹಾಗೆ ಅನ್ನಿಸಿದ್ದು ಹಿತವಾಗಿಯೂ ಇತ್ತು.

ಅಂಗಡಿಯಲ್ಲಿ ಗಿರಾಕಿಗಳು ಕರಗತೊಡಗಿದರು. ಅಕ್ಕನಿಗೆ ಮಕ್ಕಳಿಲ್ಲವೆಂದು ಬಲ್ಲವರೂ ಟೀವಿ ಹೇಳಿದ ಮೇಲೆ ಅನುಮಾನಪಟ್ಟರು. ಯಾವುದೋ ಕಾಲದಲ್ಲಿ ಹೆತ್ತು ಎಲ್ಲೋ ಬಿಟ್ಟಿದ್ದಳಂತೆ ಎಂದು ಹಾಲಿನ ಅಂಗಡಿಯಲ್ಲಿ ಒಬ್ಬಳು, ಗಂಡನಿಗೆ ಇನ್ನೊಂದು ಸಂಸಾರವಿತ್ತಂತೆ ಎಂದು ಮತ್ತೊಬ್ಬಳು. ಸತ್ಯ ಗೊತ್ತಿದ್ದದ್ದು ಆ ದಿನ ಅಂಗಡಿಯಲ್ಲಿದ್ದವರಿಗೆ. ನಾದಿನಿಯ ಬಾಯಿಗೆ ಅಕ್ಕ ಬೀಗ ಹಾಕಿಸಿದ್ದಳು. ಬ್ಯಾಂಕಿನವಳು ತಾನಾಗಿಯೇ ಸುಮ್ಮನಿದ್ದಳು. ಇಷ್ಟು ಮಾತ್ರ: ಅವಳು ಈಗಲೂ ಬರುತ್ತಿದ್ದಳು, ಖಾಲಿ ಕುರ್ಚಿಗಳ ನಡುವೆ ಕೂತು, ಬೇಕಿಲ್ಲದಿದ್ದರೂ ತಲೆ ತೊಳೆಸಿಕೊಂಡು ಹೋಗುತ್ತಿದ್ದಳು. ಒಂದು ಬೆಳಗ್ಗೆ ಶಟರಿನ ಮೇಲೆ ಯಾರೋ ಕೆಟ್ಟ ಮಾತು ಬರೆದಿದ್ದರು. ಅಕ್ಕ ಉಗುರುಬಣ್ಣ ತೆಗೆಯುವ ದ್ರವ ಸುರಿದು ಉಜ್ಜಿದಳು. ಅಕ್ಷರ ಹೋಯಿತು, ಅದರ ಜೊತೆ ಶಟರಿನ ಬಣ್ಣವೂ.

"ಸಾಕು ಅತ್ತಿಗೆ" ಎಂದಳು ನಾದಿನಿ ಆ ದಿನ. "ಪರರಿಗೋಸ್ಕರ ಎಷ್ಟು ದಿನ?"

"ಪಾಪ, ಆ ಹುಡುಗನಿಗೆ ಯಾರಿದಾರೆ?"

"ಅಮ್ಮ ಇದಾಳೆ!" ನಾದಿನಿ ಕೈಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಶುಕ್ರವಾರ ಬಂತೂ ಅಂದ್ರೆ ಬೆಳಗ್ಗೆಯಿಂದ ನಿಮ್ಮ ಮುಖ ನೋಡ್ತಾ ಇದೀನಿ. ಜೈಲಿಗೆ ಹೋಗೋರ ಮುಖ ಅಲ್ಲ ಅದು. ಅಣ್ಣ ಇದ್ದಾಗ ಹೊಸ ಸೀರೆ ಉಟ್ಕೊಂಡು ನಿಂತಾಗ ಹೀಗೇ ಇತ್ತು."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದಳು. ಅಂದು ಮುಗಿದ ಮೇಲೆ ಸುಮ್ಮನೆ ಕುರ್ಚಿಯಲ್ಲಿ ಕೂತಳು. ಎದುರು ಕನ್ನಡಿ. ನಾದಿನಿ ಹೇಳಿದ ಮುಖ ಅಲ್ಲಿತ್ತು. ಅದನ್ನು ಅಲ್ಲಗಳೆಯಲು ಅವಳಿಂದ ಆಗಲಿಲ್ಲ.

ಮುಂದಿನ ಶನಿವಾರ ಟೀಚರು ಬಂದರು. ಬಹಳ ದಿನದ ಮೇಲೆ ಅಂದು ಅಂಗಡಿಯಲ್ಲಿ ಒಂದಿಷ್ಟು ಜನರಿದ್ದರು. ಎದುರು ಸಾಲಿನ ಮನೆಯಲ್ಲಿ ಮದುವೆ, ಬೇರೆ ಅಂಗಡಿಗೆ ಹೋಗಲು ವೇಳೆಯಿಲ್ಲದೆ ಬಂದವರು. ಟೀಚರ ತಲೆ ಅರ್ಧ ಕಪ್ಪು, ಅರ್ಧ ನರೆ, ಅಂದು ಎದ್ದು ಹೋದ ಹಾಗೆಯೇ. ಕೂರಲಿಲ್ಲ. ಬಾಗಿಲ ಬಳಿಯೇ ನಿಂತು, ಈ ಸಲ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು:

"ಎಲ್ಲರೂ ಕೇಳಿ. ಟೀವಿಯಲ್ಲಿ ಬಂದ ಹುಡುಗನ ತಾಯಿ ನಾನು. ಇವರಲ್ಲ. ಇವರು ನನಗೋಸ್ಕರ ಸುಮ್ಮನಿದ್ರು. ಇವತ್ತು ಶಾಲೇಲೂ ಹೇಳಿ ಬಂದೆ."

ಅಕ್ಕ ಕತ್ತರಿ ಕೆಳಗಿಟ್ಟು, ಟೀಚರ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಟವೆಲುಗಳು ಒಣಗುವ ಆ ಇಕ್ಕಟ್ಟಿನಲ್ಲಿ ಅವರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಏನು ಮಾಡ್ಕೊಂಡ್ರಿ? ಹಾಗಾದ್ರೆ ಇಷ್ಟು ದಿನ ನಾನು ಹೊತ್ತಿದ್ದು ಯಾಕೆ? ಕೆಲಸ ಏನಾಯ್ತು?"

"ಮನೇಲಿರಿ, ತಿಳಿಸ್ತೀವಿ ಅಂದ್ರು. ಅಂದ್ರೆ ಹೋಯ್ತು ಅಂತಾನೇ."

"ಹುಚ್ಚಾ ನಿಮಗೆ? ನಾನಿದ್ನಲ್ಲ! ವಾರ ತಪ್ಪದೆ ಹೋಗ್ತಿದ್ದೆ, ಅವನು ನನ್ನ ಹತ್ರ ಎಲ್ಲ ಹೇಳ್ತಾನೆ..."

"ಗೊತ್ತು" ಎಂದರು ಟೀಚರು. ದನಿಯಲ್ಲಿ ಮುಳ್ಳಿರಲಿಲ್ಲ. "ನಿನ್ನೆ ವಕೀಲರ ಜೊತೆ ಹೋಗಿದ್ದೆ. ನಾನು ಅವನ ತಾಯಿ ಅಂದ್ರೆ ಬಾಗಿಲವನು ನಂಬಲೇ ಇಲ್ಲ. ತಾಯಿ ಆಗ್ಲೇ ಬಂದು ಹೋದ್ರಲ್ಲ ಅಂದ. ಕೊನೆಗೆ ವಕೀಲರ ಮಾತಿಗೆ ಒಳಗೆ ಬಿಟ್ಟ." ಮುಖಕ್ಕೆ ಅಡ್ಡ ಬಂದ ಟವೆಲನ್ನು ಸರಿಸಿದರು. "ಕಲ್ಲೆಸೆದದ್ದು ಅವನೇ ಅಂತ ನನಗೆ ನಿನ್ನೆ ಗೊತ್ತಾಯ್ತು. ನಿಮಗೆ ಯಾವತ್ತೋ ಗೊತ್ತಿತ್ತು. ನಿಮ್ಮ ಋಣ ತೀರಿಸೋಕಾಗಲ್ಲ ಅಕ್ಕಾ. ಆದ್ರೆ ಅವನು ನನ್ನ ಮಗ. ಒಳ್ಳೇವನೋ ಕೆಟ್ಟವನೋ, ಅದನ್ನ ನೀವು ಇಟ್ಕೊಳ್ಳೋಕಾಗಲ್ಲ."

ಅಕ್ಕ ಅಲ್ಲಿದ್ದ ಟವೆಲೊಂದನ್ನು ಎಳೆದು ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. ತನ್ನ ಮೇಲೆ ಟೀವಿಯವರು ಹೊರಿಸಿದ್ದನ್ನು ಇವರಿಗಾಗಿ ಹೊತ್ತೆ ಎಂದುಕೊಂಡಿದ್ದಳು. ಹೊರೆ ಇಳಿಸಿಕೊಳ್ಳಲು ಬಂದವರ ಮೇಲೆ ಇಷ್ಟು ಕೋಪ ಏಕೆ ಬರಬೇಕು?

"ನನಗೆ ತಾಯಿ ಅಂತ ಯಾರೂ ಕರೆದಿರಲಿಲ್ಲ" ಎಂದಳು.

ಟೀಚರು ಅವಳ ಕೈಯಿಂದ ಟವೆಲ್ಲನ್ನು ತೆಗೆದುಕೊಂಡು ಬದಿಗಿಟ್ಟರು. ಇಬ್ಬರೂ ಆ ಇಕ್ಕಟ್ಟಿನಲ್ಲಿ ಎದುರು ಬದುರಾಗಿ ನಿಂತೇ ಅತ್ತರು, ಹೊರಗಿನವರಿಗೆ ಕೇಳಿಸದ ಹಾಗೆ.

ಟೀವಿಯವರು ತಪ್ಪಾಯಿತೆಂದು ಹೇಳಲಿಲ್ಲ. ಅವರಿಗೆ ಆಗಲೇ ಬೇರೆ ಸುದ್ದಿ ಸಿಕ್ಕಿತ್ತು, ಬೇರೆ ಮುಖಗಳು ಸಿಕ್ಕಿದ್ದವು. ಬೀದಿಯ ಹೆಂಗಸರಲ್ಲಿ ಹಲವರು ಅಂಗಡಿಗೆ ಮರಳಿದರು, ಏನೂ ನಡೆದೇ ಇಲ್ಲವೆಂಬಂತೆ. ಕೆಲವರು ಬರಲೇ ಇಲ್ಲ. ಟೀಚರ ಕೆಲಸ ಹೋಯಿತು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳತೊಡಗಿದರು. ಬ್ಯಾಂಕಿನವಳು ತನ್ನ ಇಬ್ಬರು ಮಕ್ಕಳನ್ನೂ ಮೊದಲಿಗೆ ಕಳಿಸಿದಳು. ಹುಡುಗನಿಗೆ ಜಾಮೀನು ಸಿಗುವಷ್ಟರಲ್ಲಿ ಚಳಿ ಕಳೆದು ಬಿಸಿಲು ಬಲಿತಿತ್ತು. ಹಾಸ್ಟೆಲಿದ್ದ ಜಾಗಕ್ಕೆ ತಗಡಿನ ಬೇಲಿ ಬಿದ್ದಾಗಿತ್ತು.

ಬಿಡುಗಡೆಯ ದಿನ ಟೀಚರು ಕರೆದರೆಂದು ಅಕ್ಕನೂ ಹೋದಳು. ಬಾಗಿಲ ಕಿಟಕಿಯಲ್ಲಿ ಅದೇ ಕಾವಲಿನವನು. ಹುಡುಗನ ಚೀಲ, ಚಪ್ಪಲಿ, ಬೆಲ್ಟು ಹೊರಗಿಟ್ಟು, "ತಾಯಿ ಬನ್ನಿ, ಇಲ್ಲಿ ಸಹಿ" ಎನ್ನುತ್ತ ಅಭ್ಯಾಸದಂತೆ ಅಕ್ಕನ ಕಡೆಗೆ ಪೆನ್ನು ಚಾಚಿದ. ಅವಳ ಕೈ ಅರ್ಧ ಮೇಲೆದ್ದಿತು. ಎದ್ದ ಕೈಯನ್ನು ಅಕ್ಕ ಟೀಚರ ಬೆನ್ನಿಗೆ ತಂದು, ಅವರನ್ನು ಮೆಲ್ಲಗೆ ಮುಂದೆ ತಳ್ಳಿದಳು.

"ಇವರು" ಎಂದಳು.

ಬಸ್ಸಿನಲ್ಲಿ ಹುಡುಗ ಕಿಟಕಿಯ ಬಳಿ ಕೂತ, ಪಕ್ಕದಲ್ಲಿ ತಾಯಿ, ಈಚೆಗೆ ಅಕ್ಕ. ಸ್ವಲ್ಪ ದೂರ ಹೋದ ಮೇಲೆ ಅವನು ತಾಯಿಗೆ ಕೇಳುವಷ್ಟೇ ಮೆಲ್ಲಗೆ, "ಆ ಗುಮಾಸ್ತರ ಮನೆಗೆ ಹೋಗ್ಬೇಕಮ್ಮ. ಬೈದ್ರೆ ಬೈಯಲಿ" ಎಂದ. "ಹೋಗೋಣ, ನಾನೂ ಬರ್ತೀನಿ" ಎಂದರು ಟೀಚರು. ಅಕ್ಕನಿಗೂ ಕೇಳಿಸಿತು. ಅವಳು ಎದುರಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಳು.

ಅವನು ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋದ. ಅಕ್ಕ ತನ್ನ ನಿಲ್ದಾಣಕ್ಕಿಂತ ಎಷ್ಟೋ ಮೊದಲೇ ಎದ್ದಳು. "ಅಂಗಡಿಗೆ ಸ್ವಲ್ಪ ಸಾಮಾನು ತರ್ಬೇಕು, ನಾನು ಇಲ್ಲೇ ಇಳೀತೀನಿ" ಎಂದಳು. ಟೀಚರು ಅವಳ ಮುಖವನ್ನೇ ನೋಡಿ, ಮಗನ ತಲೆ ಅಲುಗದ ಹಾಗೆ ಕೈ ಚಾಚಿ ಅವಳ ಬೆರಳು ಹಿಡಿದು ಬಿಟ್ಟರು.

ಅಂದು ಅಂಗಡಿಗಳಿಗೆಲ್ಲ ವಾರದ ರಜೆ. ಎಳೆದ ಶಟರುಗಳ ಬೀದಿಯಲ್ಲಿ ಅಕ್ಕ ಮನೆಯ ದಿಕ್ಕಿಗೆ ನಡೆದಳು. ಬಿಸಿಲು ಜೋರಾಗಿತ್ತು. ಮನೆಗೆ ಹೋಗುವಾಗ ನಾದಿನಿಗೆ ಏನಾದರೂ ಹಣ್ಣು ಕೊಳ್ಳೋಣವೆಂದು, ತೆರೆದಿರುವ ಒಂದಾದರೂ ಅಂಗಡಿ ಸಿಕ್ಕೀತೇ ಎಂದು ಎರಡೂ ಬದಿ ನೋಡುತ್ತ ಹೋದಳು.